ಅಮರಪ್ಪನ ಆರು ಸ್ಲೈಡುಗಳು

ಮಾಳದೊಡ್ಡಿಗೆ ಕಾಲುವೆ ಬಂದು ಬಹಳ ವರ್ಷಗಳಾದವು. ಆದರೆ ನೀರು ಮಾತ್ರ ಊರಿನ ಎಲ್ಲ ಹೊಲಗಳನ್ನೂ ಮುಟ್ಟುತ್ತಿರಲಿಲ್ಲ. ಹುಣಸಗಿ ಕಡೆಯಿಂದ ಬರುವ ಉಪಕಾಲುವೆ ಊರ ಮಗ್ಗುಲಿನ ಹಳ್ಳದ ಹತ್ತಿರ ಒಡೆದಿತ್ತು. ಕಾಲುವೆಯ ಗೋಡೆಯಲ್ಲಿ ಎಮ್ಮೆಕರು ತೂರುವಷ್ಟು ದೊಡ್ಡ ಕಿಂಡಿ. ಅರ್ಧಕ್ಕರ್ಧ ನೀರು ಅಲ್ಲಿಂದಲೇ ಹಳ್ಳಕ್ಕೆ ಧುಮುಕಿ ಕೃಷ್ಣಾ ಹೊಳೆಯ ದಾರಿ ಹಿಡಿಯುತ್ತಿತ್ತು. ಕೊನೆಯಲ್ಲಿರುವ ಅರವತ್ತೆರಡು ಮನೆಯವರ ಮೆಣಸಿನಕಾಯಿ, ಹತ್ತಿ ಹೊಲಗಳಿಗೆ ಕಾಲುವೆಯಿಂದ ಬರುತ್ತಿದ್ದದ್ದು ಕಪ್ಪೆಗಳು ಮಾತ್ರ.

ಇದನ್ನು ಮೇಲಿನವರಿಗೆ ಹೇಳಲು ಯಾರೂ ಹೋಗಿರಲಿಲ್ಲವೆಂದಲ್ಲ. ಅಮರಪ್ಪ ಹೋಗಿದ್ದ. ತೊಂದರೆ ಆದದ್ದೇ ಅಲ್ಲಿ.

ಅಮರಪ್ಪ ಊರಿನ ನೀರು ಬಳಕೆದಾರರ ಸಂಘದ ಅಧ್ಯಕ್ಷ. ವಯಸ್ಸು ಐವತ್ತೇಳು, ಮೈಕ್ ಬೇಡದ ಗಂಟಲು. ಆ ಗಂಟಲಿನ ಮೇಲೆ ಅವನಿಗೆ ವಿಪರೀತ ನಂಬಿಕೆ. ಹೋದ ವರ್ಷ ಶಹಾಪುರದಲ್ಲಿ ನಡೆದ ನೀರಾವರಿ ಸಭೆಯಲ್ಲಿ ನಲವತ್ತು ನಿಮಿಷ ಮಾತಾಡಿದ್ದ. ಕಾಲುವೆ ಅಗೆಯುವ ಯಂತ್ರ ಊರಿಗೆ ಬಂದಾಗ ತನ್ನ ಅಜ್ಜ ಅದಕ್ಕೆ ಕುಂಕುಮ ಹಚ್ಚಿದ್ದು, ಆ ಯಂತ್ರದ ಸದ್ದಿಗೆ ಊರಿನ ಎತ್ತುಗಳು ತಿಂಥಣಿಯವರೆಗೆ ಓಡಿದ್ದು, ಅವನ್ನು ಹುಡುಕಲು ಹೋದವರು ಬೀಗರ ಮನೆಯಲ್ಲಿ ಊಟ ಮಾಡಿಕೊಂಡು ಬಂದದ್ದು, ಎಲ್ಲವೂ ಬಂದವು. ಒಡೆದ ಜಾಗದ ಮಾತು ಇನ್ನೇನು ಬರಬೇಕು, ಚಹಾ ಬಂತು. ಚಹಾ ಮುಗಿಯುವಷ್ಟರಲ್ಲಿ ಮುಂದಿನ ಊರಿನ ಪಾಳಿ. ಒಬ್ಬ ಅಧಿಕಾರಿ ಬೆನ್ನು ತಟ್ಟಿ, "ಭಾಳ ಛಲೋ ಮಾತಾಡಿದ್ರಿ ಯಜಮಾನ್ರ" ಅಂದರು.

ಅಮರಪ್ಪ ಮನೆಗೆ ಉಬ್ಬಿಕೊಂಡು ಬಂದ. ಹೆಂಡತಿ ಪಾರ್ವತೆಮ್ಮ ನೀರಿನ ತಂಬಿಗೆ ಕೊಟ್ಟು ಒಂದೇ ಪ್ರಶ್ನೆ ಕೇಳಿದಳು.

"ಕಾಲುವಿ ಎಲ್ಲಿ ಒಡದದ ಅಂತ ಹೇಳಿದ್ರೇನು?"

ಅಮರಪ್ಪ ತಂಬಿಗೆ ಕೆಳಗಿಳಿಸಲೇ ಇಲ್ಲ. ನೀರು ಮುಗಿದ ಮೇಲೂ ಕುಡಿಯುತ್ತಲೇ ಇದ್ದ.

ಈ ವರ್ಷ ಮತ್ತೆ ಸಭೆಯ ಪತ್ರ ಬಂತು. ಅದರಲ್ಲಿ ಹೊಸದೊಂದು ಸಾಲಿತ್ತು: ಪ್ರತಿ ಸಂಘಕ್ಕೆ ಹತ್ತು ನಿಮಿಷ ಮಾತ್ರ, ಸಭೆಯಲ್ಲಿ ದೊಡ್ಡ ಪರದೆ ಇರುತ್ತದೆ, ಸ್ಲೈಡುಗಳನ್ನು ತರಬಹುದು. ಅಮರಪ್ಪ ಆ ಪತ್ರ ಹಿಡಿದು ಪಂಚಾಯಿತಿ ಗ್ರಂಥಾಲಯಕ್ಕೆ ಹೋದ. ದಿನಾ ಪೇಪರ್ ಓದಲು ಹೋಗುವ ಜಾಗವೇ ಅದು. ಅಲ್ಲಿನ ಮೇಲ್ವಿಚಾರಕಿ ಖಾಸಿಂಬೀ ಪುಸ್ತಕಗಳ ಧೂಳು ಒರೆಸುತ್ತಿದ್ದಳು.

"ನೋಡವ್ವ ಖಾಸಿಂಬೀ, ಹತ್ತು ನಿಮಿಷ ಅಂತ! ಹತ್ತು ನಿಮಿಷಿನ್ಯಾಗ ನಾ ನಮಸ್ಕಾರ ಹೇಳಿ ಮುಗಸಂಗಿಲ್ಲ."

"ಕಾಕಾ, ಸ್ಲೈಡ್ ಮಾಡ್ಕೊಂಡು ಹೋಗ್ರಿ. ಹತ್ತು ನಿಮಿಷ ಭಾಳ ಆಗ್ತದ."

"ಅದೇನು, ಮದುವಿ ವಿಡಿಯೋ ಇದ್ದಂಗೇನು? ನಾ ರೈತ ಅದೀನಿ, ಸಿನಿಮಾದಾವ ಅಲ್ಲ."

"ಸಿನಿಮಾ ಅಲ್ರಿ. ನೀವು ಮಾತಾಡೋವಾಗ ನಿಮ್ಮ ಹಿಂದಿನ ಪರದಿ ಮ್ಯಾಲೆ ಒಂದೊಂದ ಹಾಳಿ ಬರ್ತದ. ಒಂದರಾಗ ಫೋಟೋ, ಒಂದರಾಗ ನಾಕ ಮಾತು. ಕೇಳೋರಿಗೆ ಕಣ್ಣಿಗೂ ಕಾಣ್ತದ, ಕಿವಿಗೂ ಬೀಳ್ತದ. ಇಲ್ಲೇ ಕಂಪ್ಯೂಟರ್ ಅದ, ನಾ ಕಲಸ್ತೀನಿ."

"ಈ ವಯಸ್ಸಿನ್ಯಾಗ? ಮುಟ್ಟಿದ್ರ ಸುಟ್ಟು ಹೋದೀತು."

"ಮುಟ್ಟಿದ್ರ ಏನೂ ಆಗಂಗಿಲ್ರಿ. ಮ್ಯಾಲೆ ಚಹಾ ಚಲ್ಲಬ್ಯಾಡ್ರಿ, ಅಷ್ಟ."

ಅಮರಪ್ಪ ಒಪ್ಪದೆ ಮನೆಗೆ ಬಂದ. ಸಂಗತಿ ಕೇಳಿದ ಪಾರ್ವತೆಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದಳು: "ನಿಮಗ ಆಗಂಗಿಲ್ಲಂದ್ರ ಬಿಡ್ರಿ. ನಾ ಹೋಗಿ ಕಲೀತೀನಿ. ಸಭಾಕ್ಕೂ ನಾನ ಹೋಗ್ತೀನಿ. ನೀವು ಮನ್ಯಾಗ ಎಮ್ಮಿ ಹಿಂಡ್ಕೊಂಡು ಇರ್ರಿ."

ಮರುದಿನ ಹತ್ತು ಗಂಟೆಗೆ ಗ್ರಂಥಾಲಯದ ಬಾಗಿಲು ತೆರೆಯುವ ಮುಂಚೆಯೇ ಅಮರಪ್ಪ ಮೆಟ್ಟಿಲ ಮೇಲೆ ಕೂತಿದ್ದ.

ಖಾಸಿಂಬೀ ಮೌಸ್ ಕೈಗೆ ಕೊಟ್ಟಳು. ಅಮರಪ್ಪ ಅದನ್ನು ಎತ್ತಿ ಟಿವಿ ರಿಮೋಟಿನಂತೆ ಕಂಪ್ಯೂಟರಿನ ಮುಖಕ್ಕೆ ಹಿಡಿದು ಒತ್ತತೊಡಗಿದ.

"ಕಾಕಾ, ಎತ್ತಬ್ಯಾಡ್ರಿ. ಟೇಬಲ್ ಮ್ಯಾಲೆ ಇಟ್ಟು ಮೆಲ್ಲಕ ಸರಸ್ರಿ. ಪರದಿ ಮ್ಯಾಲಿನ ಬಾಣ ನೋಡ್ರಿ, ನಿಮ್ಮ ಕೈ ಹೋದಲ್ಲಿ ಅದೂ ಹೋಗ್ತದ."

ಬಾಣ ಸ್ವಲ್ಪ ಹೊತ್ತು ಗೂಟ ಕಿತ್ತುಕೊಂಡ ಹೋರಿಯ ಹಾಗೆ ಓಡಾಡಿತು. ಕೊನೆಗೆ ಕೈಗೆ ಬಂತು. ಸ್ಲೈಡ್ ಮಾಡುವ ಪ್ರೋಗ್ರಾಮಿನ ಚಿತ್ರದ ಮೇಲೆ ಎರಡು ಸಲ ಒತ್ತಿದಾಗ ಬಿಳಿ ಹಾಳೆಯೊಂದು ತೆರೆಯಿತು. ಅದೇ ಮೊದಲ ಸ್ಲೈಡು. ಮೇಲಿನ ಚೌಕದಲ್ಲಿ ತಲೆಬರಹ, ಕೆಳಗಿನ ಚೌಕದಲ್ಲಿ ವಿಷಯ. ಇನ್ನೊಂದು ಹಾಳೆ ಬೇಕಾದರೆ 'ಹೊಸ ಸ್ಲೈಡ್' ಎಂಬ ಗುಂಡಿ ಒತ್ತಬೇಕು. ಖಾಸಿಂಬೀ ಕನ್ನಡ ಅಕ್ಷರ ಒತ್ತುವುದನ್ನು ಎರಡು ಸಲ ತೋರಿಸಿ ತನ್ನ ಕೆಲಸಕ್ಕೆ ಹೋದಳು.

ಅಮರಪ್ಪ ಇಡೀ ದಿನ ಒಂದೇ ಬೆರಳಿನಲ್ಲಿ ಕುಟ್ಟಿದ. ಅಜ್ಜ, ಕುಂಕುಮ, ಓಡಿಹೋದ ಎತ್ತುಗಳು, ಬೀಗರ ಊಟ, ಎಲ್ಲವನ್ನೂ ಒಂದೇ ಸ್ಲೈಡಿನೊಳಗೆ ತುರುಕಿದ. ತುರುಕಿದಷ್ಟೂ ಅಕ್ಷರಗಳು ಸಣ್ಣವಾಗುತ್ತ ಹೋದವು. ಖಾಸಿಂಬೀ ಬಂದು ನೋಡಿದಳು. ಅವನನ್ನು ಬಾಗಿಲ ಹತ್ತಿರ ಕರೆದೊಯ್ದು ನಿಲ್ಲಿಸಿದಳು.

"ಇಲ್ಲಿಂದ ಓದ್ರಿ ಕಾಕಾ."

ಅಮರಪ್ಪ ಕಣ್ಣು ಕಿರಿದು ಮಾಡಿದ. "ಇರುವಿ ಸಾಲ ಹೊಂಟಂಗ ಕಾಣಾಕತ್ತದಲ್ಲ."

"ಸಭಾದಾಗ ಕಡೀ ಕುರ್ಚ್ಯಾಗ ಕುಂತಾವ್ರಿಗೂ ಹಿಂಗ ಕಾಣ್ತದ. ಒಂದು ಸ್ಲೈಡಿನ್ಯಾಗ ಒಂದ ವಿಷಯ ಇರ್ಬೇಕ್ರಿ. ಸಾಲು ನಾಕ ಐದ ಸಾಕು. ಅಕ್ಷರ ದಪ್ಪ ಇರ್ಬೇಕು. ಉಳಿದದ್ದು ನೀವು ಬಾಯಿಲೆ ಹೇಳ್ತೀರಲ್ಲ."

"ಹಂಗಾದ್ರ ಅಜ್ಜನ್ನ ಎಲ್ಲಿ ಇಡ್ಲಿ?"

"ಅಜ್ಜಾರು ಮನ್ಯಾಗ ಇರ್ಲಿ. ಒಂದ ಮಾತು ಹೇಳ್ರಿ. ಸಾಹೇಬ್ರು ಎದ್ದು ಜೀಪ್ ಹತ್ತಾಕತ್ತಾರ. ನಿಮಗ ಒಂದ ಮಾತು ಹೇಳಾಕ ಟೈಮ್ ಅದ. ಏನ್ ಹೇಳ್ತೀರಿ?"

ಇಷ್ಟು ವರ್ಷದಲ್ಲಿ ಅಮರಪ್ಪನಿಗೆ ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ಕಿಂಡಿ ಮುಚ್ಚಿಸ್ರಿ ಅಂತೀನಿ."

"ಅದನ್ನ ಬರೀರಿ."

ಹಳೆಯದೆಲ್ಲ ಅಳಿಸಿ ಹೊಸದಾಗಿ ಶುರುವಾಯಿತು. ಮೊದಲ ಸ್ಲೈಡಿನಲ್ಲಿ ಊರಿನ, ಸಂಘದ ಹೆಸರು. ಎರಡನೆಯದರಲ್ಲಿ ಒಡೆದ ಜಾಗ ಎಲ್ಲಿದೆ ಎಂಬುದು. ಮೂರನೆಯದಕ್ಕೆ ಬಂದಿದ್ದಾಗ ಕರೆಂಟ್ ಹೋಯಿತು. ಬಂದ ಮೇಲೆ ನೋಡಿದರೆ ಒಂದು ಅಕ್ಷರವೂ ಇಲ್ಲ.

"ಎಲ್ಲಿ ಹೋದ್ವು?" ಅಮರಪ್ಪ ಟೇಬಲ್ಲಿನ ಕೆಳಗೂ ಬಗ್ಗಿ ನೋಡಿದ.

"ಸೇವ್ ಮಾಡಿದ್ರೇನು ಕಾಕಾ?"

"ಅದು ಯಾರು?"

ಅಂದು ಅಮರಪ್ಪ ಸೇವ್ ಮಾಡುವುದನ್ನು ಕಲಿತ. ಫೈಲಿಗೆ 'ಮಾಳದೊಡ್ಡಿ ಕಿಂಡಿ' ಎಂದು ಹೆಸರಿಟ್ಟ. ಆಮೇಲೆ ಪ್ರತಿ ಸಾಲಿಗೂ ಒಮ್ಮೆ ಸೇವ್ ಒತ್ತುವುದು ಅವನಿಗೆ ಚಟವೇ ಆಗಿಬಿಟ್ಟಿತು.

ಇನ್ನು ಫೋಟೋ ಬೇಕು. ಅಮರಪ್ಪ ಹೊಸ ರುಮಾಲು ಸುತ್ತಿಕೊಂಡು, ಪಾರ್ವತೆಮ್ಮನ ಕೈಗೆ ಮೊಬೈಲ್ ಕೊಟ್ಟು ಕಾಲುವೆಗೆ ಹೋದ. ಕಿಂಡಿಯ ಮುಂದೆ ಎದೆ ಉಬ್ಬಿಸಿ ನಿಂತ. ಪಾರ್ವತೆಮ್ಮ ಮೊಬೈಲಿನೊಳಗೆ ನೋಡಿ ಹೇಳಿದಳು:

"ನೀವು ಛಲೋ ಕಾಣಾಕತ್ತೀರಿ. ಕಿಂಡಿ ಕಾಣವಲ್ದು."

"ಅಧ್ಯಕ್ಷ ಕಾಣಬೇಕಲ್ಲ?"

"ಸಾಹೇಬ್ರು ನಿಮ್ಮನ್ನ ಮುಚ್ಚಿಸ್ಬೇಕೋ, ಕಿಂಡಿ ಮುಚ್ಚಿಸ್ಬೇಕೋ? ಆಕಡಿ ಸರೀರಿ."

ಅಮರಪ್ಪ ಸರಿದ. ಪಾರ್ವತೆಮ್ಮ ಕಿಂಡಿಯ ಪಕ್ಕಕ್ಕೆ ಸಲಿಕೆ ನಿಲ್ಲಿಸಿದಳು, ಎಷ್ಟು ದೊಡ್ಡದೆಂದು ಗೊತ್ತಾಗಲಿ ಎಂದು. ಸಲಿಕೆಯ ಸಮೇತ ನೀರು ಹಳ್ಳಕ್ಕೆ ಧುಮುಕುವುದು ಒಂದು ಫೋಟೋ. ಅಲ್ಲಿಂದ ಕೊನೆಯ ಹೊಲಕ್ಕೆ ನಡೆದು, ಒಣ ಕಾಲುವೆಯ ಬಿರುಕುಗಳದ್ದು ಇನ್ನೊಂದು. ಖಾಸಿಂಬೀ ಆ ಎರಡನ್ನೂ ಕಂಪ್ಯೂಟರಿಗೆ ಹಾಕಿ, ಸ್ಲೈಡಿನೊಳಗೆ ತಂದು ಕೂರಿಸುವುದನ್ನು, ಮೂಲೆ ಹಿಡಿದು ದೊಡ್ಡದು ಸಣ್ಣದು ಮಾಡುವುದನ್ನು ತೋರಿಸಿದಳು. ಬದಿಗೆ ಹಿಡಿದು ಜಗ್ಗಿದರೆ ಸಲಿಕೆ ಅಡ್ಡಕ್ಕೆ ಹಿಗ್ಗುತ್ತದೆ ಎಂಬುದನ್ನು ಅಮರಪ್ಪ ತಾನೇ ಕಂಡುಕೊಂಡ.

ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಅವನ ಕೈಗೆ ಇನ್ನೊಂದು ಗುಂಡಿ ಸಿಕ್ಕಿತು. ಅದನ್ನು ಒತ್ತಿದರೆ ಅಕ್ಷರಗಳು ಹಾರಿಬರುತ್ತಿದ್ದವು, ಗಿರಗಿರ ತಿರುಗುತ್ತಿದ್ದವು, ಚಪ್ಪಾಳೆಯ ಸದ್ದೂ ಆಗುತ್ತಿತ್ತು. ಅಮರಪ್ಪನಿಗೆ ಸ್ವರ್ಗವೇ ಸಿಕ್ಕಂತಾಯಿತು. ಒಂದು ಇಡೀ ಮಧ್ಯಾಹ್ನ ಕೂತು ಪ್ರತಿ ಅಕ್ಷರಕ್ಕೂ ಒಂದೊಂದು ಕುಣಿತ ಕಲಿಸಿದ. ನೋಡಲು ಪಾರ್ವತೆಮ್ಮನನ್ನು ಕರೆತಂದ. ಕಿಂಡಿಯ ಫೋಟೋ ಮೂರು ಸುತ್ತು ತಿರುಗಿ, ಪುಟಿದು, ಚಪ್ಪಾಳೆಯೊಂದಿಗೆ ಬಂದು ನಿಂತಿತು.

ಪಾರ್ವತೆಮ್ಮ ಕುರ್ಚಿಯ ಕೈ ಹಿಡಿದುಕೊಂಡಳು. "ನಂಗ ಬಸ್ಸಿನ್ಯಾಗ ತಲಿ ತಿರುಗಿದಂಗ ಆಗಾಕತ್ತದ್ರಿ. ನಮ್ಮ ಹೊಲ ಒಣಗಿದ್ದಕ್ಕ ಚಪ್ಪಾಳಿ ಯಾಕ ಹೊಡೀತದ ಅದು?"

ಖಾಸಿಂಬೀ ನಗು ತಡೆದುಕೊಂಡು, "ಕಾಕಾ, ನೋಡೋರ ಕಣ್ಣು ಅಕ್ಷರದ ಹಿಂದ ಓಡಿದ್ರ ನಿಮ್ಮ ಮಾತು ಯಾರು ಕೇಳ್ತಾರ?" ಅಂದಳು. ಅಮರಪ್ಪ ಮನಸ್ಸಿಲ್ಲದ ಮನಸ್ಸಿನಿಂದ ಒಂದೊಂದಾಗಿ ಕುಣಿತ ತೆಗೆದುಹಾಕಿದ. ಚಪ್ಪಾಳೆ ತೆಗೆಯುವಾಗ ಮಾತ್ರ ಕೊನೆಯದಾಗಿ ಇನ್ನೊಮ್ಮೆ ಕೇಳಿಸಿಕೊಂಡ.

ಆರು ಸ್ಲೈಡುಗಳಾದವು. ಖಾಸಿಂಬೀ ಅವನ್ನು ಪೆನ್ ಡ್ರೈವಿಗೆ ಹಾಕಿಸಿದಳು. ಜೊತೆಗೆ ಪಿಡಿಎಫ್ ಎಂಬ ಇನ್ನೊಂದು ಪ್ರತಿಯನ್ನೂ ಮಾಡಿಸಿದಳು. "ಬ್ಯಾರೆ ಕಂಪ್ಯೂಟರಿನ್ಯಾಗ ನಮ್ಮ ಕನ್ನಡ ಅಕ್ಷರ ಇರಂಗಿಲ್ಲ ಒಮ್ಮೊಮ್ಮೆ. ಇದು ಮಾತ್ರ ಎಲ್ಲಿ ತಗದ್ರೂ ಹಿಂಗ ಇರ್ತದ." ಎರಡು ದಿನ ಮನೆಯ ಪಡಸಾಲೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ನಡೆಯಿತು. ಮೊದಲ ಸಲ ಇಪ್ಪತ್ತಾರು ನಿಮಿಷ. ಎರಡನೆಯ ಸಲ ಹದಿನಾಲ್ಕು. ಎತ್ತುಗಳು ಓಡಿಹೋಗುವುದು ನಿಂತ ಮೇಲೆ ಎಂಟಕ್ಕೆ ಬಂತು.

ಸಭೆಯ ದಿನ ಪಾರ್ವತೆಮ್ಮನೂ ಜೊತೆಗೆ ಹೊರಟಳು. ಮಾಳದೊಡ್ಡಿಯ ಪಾಳಿ ಬಂತು. ಪೆನ್ ಡ್ರೈವ್ ಹಾಕಿದರೆ ಪರದೆಯ ತುಂಬ ಸಣ್ಣ ಸಣ್ಣ ಚೌಕಗಳು! ಊರಿನ ಹೆಸರಿನ ಒಂದು ಅಕ್ಷರವೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಮರಪ್ಪನಿಗೆ ಖಾಸಿಂಬೀ ಹೇಳಿದ್ದು ನೆನಪಾಯಿತು.

"ಸರ, ಅದ ಡ್ರೈವಿನ್ಯಾಗ ಪಿಡಿಎಫ್ ಅದ ನೋಡ್ರಿ. ಅದನ್ನ ತಗೀರಿ."

ಇದನ್ನು ಹೇಳಿದ್ದು ತಾನೇ ಏನು ಎಂದು ಅವನಿಗೇ ಆಶ್ಚರ್ಯವಾಯಿತು. ಪರದೆಯ ಮೇಲೆ ಅಕ್ಷರಗಳು ದಪ್ಪಗೆ ಬಂದು ನಿಂತವು.

ಅವನು ಪರದೆಯ ಕಡೆ ತಿರುಗಿ ಓದಲಿಲ್ಲ. ಜನರ ಮುಖ ನೋಡುತ್ತ ಮಾತಾಡಿದ. ಹದಿನಾಲ್ಕನೇ ತೂಬಿನಿಂದ ಇನ್ನೂರು ಹೆಜ್ಜೆ ಕೆಳಗೆ ಕಿಂಡಿ. ಸಲಿಕೆ ನಿಲ್ಲಿಸಿದ ಫೋಟೋ. ಒಣ ಕಾಲುವೆಯ ಫೋಟೋ, ಅದರ ಕೆಳಗೆ ಅರವತ್ತೆರಡು ಮನೆ ಎಂಬ ಅಂಕಿ. ಅದೇ ಹೊತ್ತಿಗೆ ಚಹಾದ ತಟ್ಟೆ ಒಳಗೆ ಬಂತು. ಗಾಬರಿಯಲ್ಲಿ ಅಮರಪ್ಪನ ಬಾಯಿ ತಾನಾಗಿಯೇ, "ನಮ್ಮ ಅಜ್ಜ..." ಎಂದು ಶುರುಮಾಡಿತು. ಮೂರನೇ ಸಾಲಿನಿಂದ ಪಾರ್ವತೆಮ್ಮ ಕೆಮ್ಮಿದಳು. ಅಜ್ಜ ಅಲ್ಲೇ ನಿಂತರು. ಅಮರಪ್ಪ ಐದನೇ ಸ್ಲೈಡು ತೋರಿಸಿದ. ಅದರಲ್ಲಿದ್ದದ್ದು ಒಂದೇ ಸಾಲು: ಕಾಲುವೆಗೆ ನೀರು ನಿಲ್ಲಿಸುವ ವಾರದಲ್ಲಿ ಈ ಕಿಂಡಿ ಮುಚ್ಚಿಸಿಕೊಡಿ. ಆರನೆಯದರಲ್ಲಿ ಸಂಘದ ಫೋನ್ ನಂಬರ್.

ಯಾರೂ ಚಹಾ ಮುಟ್ಟಿರಲಿಲ್ಲ. ಮುಂದೆ ಕೂತಿದ್ದ ಎಂಜಿನಿಯರ್ ಪೆನ್ನು ತೆಗೆದರು. "ಯಜಮಾನ್ರ, ಆ ಸಲಿಕಿ ಫೋಟೋ ಇನ್ನೊಮ್ಮೆ ತೋರಸ್ರಿ. ಯಾವ ತೂಬು ಅಂದ್ರಿ? ಹದಿನಾಲ್ಕು?"

ಇಷ್ಟು ವರ್ಷ ಸಭೆಗಳಲ್ಲಿ ಅಮರಪ್ಪನ ಬೆನ್ನು ತಟ್ಟಿದವರು ಬಹಳ. ಅವನು ಹೇಳಿದ್ದನ್ನು ಬರೆದುಕೊಂಡವರು ಇವರೇ ಮೊದಲು. ಅಮರಪ್ಪ ಸಲಿಕೆಯ ಫೋಟೋವನ್ನು ಮತ್ತೆ ಪರದೆಗೆ ತಂದ. "ಹೌದ್ರಿ ಸರ, ಹದಿನಾಲ್ಕು" ಅಂದ.

ಆ ಗುರುವಾರವೇ ಎಂಜಿನಿಯರ್ ಕಾಲುವೆಯ ಮೇಲೆ ನಡೆದುಕೊಂಡು ಬಂದರು. ಕಿಂಡಿಯನ್ನು ಹುಡುಕಬೇಕಾಗಲಿಲ್ಲ. ನೀರು ನಿಲ್ಲಿಸಿದ ವಾರದಲ್ಲಿ ಕಲ್ಲು, ಸಿಮೆಂಟು ಬಿದ್ದವು. ಮತ್ತೆ ನೀರು ಬಿಟ್ಟ ದಿನ ಅರವತ್ತೆರಡು ಮನೆಯವರೂ ಕಾಲುವೆಯ ಏರಿಯ ಮೇಲೆ ನಿಂತಿದ್ದರು. ನೀರು ಹಳ್ಳದ ಕಡೆ ತಿರುಗದೆ ಮುಂದೆ ಬಂತು, ಕಸಕಡ್ಡಿ ನೂಕಿಕೊಂಡು, ನೊರೆ ಮಾಡಿಕೊಂಡು. ಕೊನೆಯ ಹೊಲ ಸುಗಲಮ್ಮನದು. ಆಕೆ ಮೆಣಸಿನ ಸಾಲಿನಲ್ಲಿ ಬರಿಗಾಲಲ್ಲಿ ನಿಂತು, ನೀರು ಬಂದು ಹಿಮ್ಮಡಿ ಮುಟ್ಟುವವರೆಗೂ ಕದಲಲಿಲ್ಲ. ಮುಟ್ಟಿದ ಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಥಣ್ಣಗ ಅದವ್ವ" ಎಂದಳು.

ಈಗ ಪ್ರತಿ ಮಂಗಳವಾರ ಗ್ರಂಥಾಲಯದಲ್ಲಿ ಜಾಗ ಸಿಗುವುದು ಕಷ್ಟ. ಅಂದು ಪಾರ್ವತೆಮ್ಮನ ಮಹಿಳಾ ಸಂಘದವರು ಸ್ಲೈಡು ಕಲಿಯಲು ಬರುತ್ತಾರೆ. ಊರ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಬೇಕೆಂದು ಗ್ರಾಮಸಭೆಯಲ್ಲಿ ತೋರಿಸಲು ಐದು ಸ್ಲೈಡು ಮಾಡುತ್ತಿದ್ದಾರೆ.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನಲ್ಲೂ ಹೇಳಬೇಕಾದದ್ದು ಏನೋ ಇದ್ದೇ ಇರುತ್ತದೆ. ಕೆಟ್ಟ ಬೋರ್‌ವೆಲ್ಲೋ, ಬಾರದ ಬಸ್ಸೋ, ಬೀಳುವ ಗೋಡೆಯೋ. ನಿಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ, ಶಾಲೆಯಲ್ಲಿ ಕಂಪ್ಯೂಟರ್ ಇದೆಯೇ ಎಂದು ನಾಳೆಯೇ ಹೋಗಿ ಕೇಳಿ. ಇದ್ದರೆ ಕೂತು ಮುಟ್ಟಿ ನೋಡಿ. ವಯಸ್ಸು ಅಡ್ಡ ಬರುವುದಿಲ್ಲ. ಒಂದು ಸ್ಲೈಡಿಗೆ ಒಂದು ವಿಷಯ, ದಪ್ಪ ಅಕ್ಷರ, ನಿಜವಾದ ಫೋಟೋ. ಮಾಡಿದ್ದನ್ನು ಆಗಾಗ ಸೇವ್ ಮಾಡಿ, ಇನ್ನೊಂದು ಪ್ರತಿ ಜೊತೆಗಿರಲಿ, ಮನೆಯವರ ಮುಂದೆ ಒಮ್ಮೆ ಹೇಳಿ ನೋಡಿ. ಆಮೇಲೆ ಎದ್ದು ನಿಂತು ತೋರಿಸಿ. ಕೇಳಬೇಕಾದವರು ಪೆನ್ನು ತೆಗೆಯಲಿ.