ಜರಡಿಯಕ್ಕನ ಜಾಗ

ಮೇಸ್ತ್ರಿ ನಾಲ್ಕನೆಯ ಗೂಟಕ್ಕೆ ದಾರ ಬಿಗಿದು, ಬೆರಳಿನಿಂದ ಮೀಟಿ ನೋಡಿ, "ಅರ್ಧ ಬೆರಳು ಈ ಕಡೆ ಸರೀಬೇಕು" ಎಂದ.

ಸ್ಮಶಾನದ ಕಾವಲುಗಾರ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. "ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುಂಡಿ ತೋಡ್ತಾ ಇದೀನಿ. ಗೋಡೆ ಸೊಟ್ಟಗಿದೆ ಅಂತ ಯಾವ ಹೆಣವೂ ಎದ್ದು ಬಂದು ಜಗಳ ತೆಗೆದಿಲ್ಲ ಕಣಯ್ಯ."

"ಈಯಮ್ಮ ತೆಗೀತಾಳೆ. ನಿಮಗೆ ಗೊತ್ತಿಲ್ಲ."

ಮೇಸ್ತ್ರಿಯ ಜೊತೆಗಿದ್ದ ಅಗೆಯುವವರಿಬ್ಬರೂ ನಕ್ಕರು. ಕಲ್ಲುಬೆಂಚಿನ ಮೇಲೆ ಕೂತಿದ್ದ ತಂಗಿಗೂ ನಗು ಬಂತು. ಅಕ್ಕ ತೀರಿಕೊಂಡ ಮರುದಿನವೇ ನಗು ಬರುತ್ತದಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ದೇವರು ಮನುಷ್ಯನ ಎದೆಯಲ್ಲಿ ಅಳುವಿಗೂ ನಗುವಿಗೂ ಒಂದೇ ಬಾಗಿಲು ಇಟ್ಟಿರಬೇಕು.

ಅಕ್ಕನನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದರು. ಮೂರು ಗಂಟೆಗೆ ಮಣ್ಣು ಮಾಡುವುದೆಂದು ಮಾತಾಗಿತ್ತು. ಜಾಗವೂ ಗೊತ್ತಾಗಿತ್ತು: ಅಮ್ಮನ ಸಮಾಧಿಯ ಎಡಗಡೆ. ಆಸ್ಪತ್ರೆಯಲ್ಲಿ ಅಕ್ಕ ಕೇಳಿಕೊಂಡದ್ದು ಅದೊಂದೇ. "ಅಮ್ಮನ ಎಡಗಡೆ ನಂದು. ಬಲಗಡೆ ನಿಂದು. ಚಿಕ್ಕಂದಿನಲ್ಲಿ ಮಲಗ್ತಿದ್ದ ಹಾಗೆ." ತಂಗಿ ತಲೆಯಾಡಿಸಿದ್ದಳು. ಅಕ್ಕನ ಕೈಮೇಲೆ ಕೈಯಿಟ್ಟು ಆಗಲಿ ಅಂದಿದ್ದಳು.

ಮೂವತ್ತೊಂದು ವರ್ಷ ಅಕ್ಕ ಗುಡ್ಡದ ಮೇಲಿನ ಉತ್ಖನನದಲ್ಲಿ ಮಣ್ಣು ಜರಡಿ ಹಿಡಿದವಳು. ಅಗೆಯುವವರು ಬುಟ್ಟಿಯಲ್ಲಿ ಮಣ್ಣು ತಂದು ಸುರಿಯುತ್ತಿದ್ದರು. ಇವಳು ನೀರು ಬಿಟ್ಟು ಅಲ್ಲಾಡಿಸಿ, ಉಳಿದದ್ದರಲ್ಲಿ ಇಲಿಯ ಹಲ್ಲು ಯಾವುದು, ಸುಟ್ಟ ಕಾಳು ಯಾವುದು, ಬರೀ ಕಲ್ಲು ಯಾವುದು ಎಂದು ಚಿಮಟದಲ್ಲಿ ಆರಿಸುತ್ತಿದ್ದಳು. ಊರೆಲ್ಲ ಅವಳನ್ನು ಜರಡಿಯಕ್ಕ ಎನ್ನುತ್ತಿತ್ತು. ತಂಗಿ ಮಾತ್ರ ಒಂದು ದಿನವೂ ಗುಡ್ಡ ಹತ್ತಿದವಳಲ್ಲ. ಅವಳದು ಹೊಲಿಗೆ ಅಂಗಡಿ. ಮನೆಯ ಮುಂದಿನ ಕೋಣೆ, ಒಂದು ಮಿಷನ್ನು, ತೂಗುಹಾಕಿದ ಅರೆಹೊಲಿದ ಕೋಟುಗಳು. ಸಂಜೆ ಅಕ್ಕ ಬಂದರೆ, "ಏನೇ, ಇವತ್ತು ಯಾರ ಮನೆ ಧೂಳು ತಂದೆ?" ಎಂದು ಕೇಳಿ, ಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಕೊಡವುತ್ತಿದ್ದಳು. ಅಷ್ಟೇ ಅವಳಿಗೂ ಆ ಗುಡ್ಡಕ್ಕೂ ಇದ್ದ ನಂಟು.

ಇವತ್ತು ಬೆಳಗ್ಗೆ ಉತ್ಖನನದ ಮೇಸ್ತ್ರಿ ಬಂದು ಕೈಕಟ್ಟಿ ನಿಂತ. "ಟೈಲರಮ್ಮ, ಅಕ್ಕನ ಗುಂಡಿ ನಾವೇ ತೋಡ್ತೀವಿ. ಇಲ್ಲ ಅನ್ನಬೇಡಿ." ಅವಳು ಹೂಂ ಅಂದಳು. ಎಡವಟ್ಟಾದದ್ದು ಅಲ್ಲೇ. ಕಾವಲುಗಾರನ ಕೈಗೆ ಬಿಟ್ಟಿದ್ದರೆ ಪಿಕಾಸಿಯಲ್ಲಿ ಎರಡು ತಾಸಿಗೆ ಮುಗಿದಿರುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಇವರೋ ದಾರ ಕಟ್ಟಿ, ಗೋಡೆ ಕೆತ್ತಿ, ಗೇಣು ಗೇಣು ಇಳಿದರು. ಕೈ ಸುಮ್ಮನಿರದೆ ಮುಕ್ಕಾಲಿಯ ಮೇಲೊಂದು ಜರಡಿಯನ್ನೂ ಹೂಡಿದರು.

"ಗುಂಡಿ ಮಣ್ಣನ್ನೂ ಜರಡಿ ಹಿಡೀತೀರಲ್ರೋ," ಎಂದು ಕಾವಲುಗಾರ ತಲೆ ಚಚ್ಚಿಕೊಂಡ. "ರೊಟ್ಟಿ ತಟ್ತೀರೇನು?"

ಹನ್ನೆರಡೂವರೆಗೆ ಎದೆಮಟ್ಟದ ಗುಂಡಿಯೊಳಗಿನಿಂದ ಮೇಸ್ತ್ರಿಯ ದನಿ ಬಂತು. "ನಿಲ್ಲಿಸ್ರೋ."

ಕರಣೆ ಕೆರೆಯುವ ಸದ್ದು ನಿಂತಿತು. ಆಮೇಲೆ ಬ್ರಷ್ಷಿನ ಸದ್ದು, ಬಹಳ ಹೊತ್ತು.

*

ಒಂದು ಸಂಜೆ, ಇಬ್ಬರಿಗೂ ಇನ್ನೂ ಕೂದಲು ಕಪ್ಪಗಿದ್ದಾಗಿನ ಮಾತು, ತಂಗಿ ಅಕ್ಕನ ಲಂಗ ಕೊಡವುತ್ತಿದ್ದಳು. ಮಡಿಚಿ ಹೊಲಿದ ಅಂಚಿನಲ್ಲಿ ಏನೋ ಒತ್ತಿತು. ಬಿಚ್ಚಿ ನೋಡಿದರೆ ಎಳ್ಳುಕಾಳಿನಷ್ಟು ಒಂದು ಬಿಳಿ ಮಣಿ. ಚಿಪ್ಪಿನದು, ನಡುವೆ ಸೂಜಿಮೊನೆ ತೂರುವಷ್ಟು ತೂತು.

"ನೋಡೇ, ಎಷ್ಟು ಚೆನ್ನಾಗಿದೆ! ಕಾಲರಿಗೆ ಹಾಕ್ಬಹುದು."

ಅಕ್ಕನ ಮುಖ ಬಿಳಿಚಿತು. ಯಾವ ಬುಟ್ಟಿ, ಯಾವ ಪದರ, ಯಾವ ದಿನ ಎಂದು ಬೆರಳು ಮಡಚುತ್ತ ಗೋಡೆ ನೋಡುತ್ತ ಕೂತಳು. ಊಟ ಮಾಡಲಿಲ್ಲ. ಬೆಳಗಾಗುತ್ತಲೇ ಮಣಿಯನ್ನು ಕಾಗದದಲ್ಲಿ ಸುತ್ತಿ ಗುಡ್ಡಕ್ಕೆ ಹೋಗಿ, ಆಗ ಉತ್ಖನನ ನೋಡಿಕೊಳ್ಳುತ್ತಿದ್ದ ಸಾಹೇಬರ ಮೇಜಿನ ಮೇಲಿಟ್ಟು, ಆದದ್ದು ಹೇಳಿದಳು. ಅವರು ಆ ಋತುವಿನ ಮಟ್ಟಿಗೆ ಕೆಲಸ ಬಿಡಿಸಿದರು. ನಾಲ್ಕು ತಿಂಗಳು ಮನೆಯಲ್ಲಿ ಕೂತು ಅಕ್ಕ ಕಾಜಾ ಹೊಲಿದಳು, ಅದೂ ಸೊಟ್ಟಸೊಟ್ಟಗೆ.

"ಯಾರೂ ನೋಡಿರ್ಲಿಲ್ಲ. ಬಾಯಿ ಮುಚ್ಕೊಂಡು ಇರಕ್ಕಾಗ್ಲಿಲ್ವಾ ನಿಂಗೆ?"

"ಅದು ಎಲ್ಲಿ ಮಲಗಿತ್ತು ಅನ್ನೋದೇ ಹೋಯ್ತಲ್ಲೇ," ಎಂದಳು ಅಕ್ಕ. "ಯಾರೋ ಒಬ್ಳು ಕುತ್ತಿಗೆಗೆ ಹಾಕ್ಕೊಂಡಿದ್ದು. ಜಾಗ ಗೊತ್ತಿದ್ರೆ ಅವಳು ಯಾರು ಅಂತ ಕೇಳ್ಬಹುದಿತ್ತು. ಈಗ ಬರೀ ಮಣಿ."

ತಂಗಿಗೆ ಅದು ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳಬೇಕೆಂದೂ ಅನ್ನಿಸಲಿಲ್ಲ.

*

ಮೇಸ್ತ್ರಿ ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಟೈಲರಮ್ಮ, ಒಳಗೆ ಒಬ್ಬರು ಇದಾರೆ."

"ಯಾರು?"

"ಹಳಬರು. ಈ ಸ್ಮಶಾನಕ್ಕಿಂತ ಹಳಬರು, ಈ ಊರಿಗಿಂತಲೂ. ಆರು ಸಾವಿರ ವರ್ಷ ಇರಬಹುದು, ಏಳೂ ಇರಬಹುದು. ಮಗ್ಗುಲಾಗಿ ಮಲಗಿಸಿ, ಮಂಡಿ ಮಡಿಸಿ, ಮೇಲೆ ಕೆಂಪು ಮಣ್ಣು ಉದುರಿಸಿದಾರೆ. ಅವರ ಮೇಲಿನ ಬೂದಿ ಪದರ ಎಲ್ಲೂ ಒಡೆದಿಲ್ಲ, ಅಂದ್ರೆ ಆಮೇಲೆ ಯಾರೂ ಇಲ್ಲಿ ಅಗೆದಿಲ್ಲ." ಅವನು ಗುಂಡಿಯತ್ತ ತಿರುಗಿ ನೋಡಿದ. "ನಿಯಮ ಏನಂದ್ರೆ, ಇಂಥದ್ದು ಸಿಕ್ಕರೆ ಅಲ್ಲಿಗೇ ನಿಲ್ಲಿಸಿ, ಈಗ ಉತ್ಖನನ ನೋಡ್ಕೊಳ್ಳೋ ಮೇಡಂಗೆ ಹೇಳಬೇಕು. ಆಮೇಲೆ ಈ ಜಾಗ ನಿಮ್ಮದಾಗಲ್ಲ. ಅಮ್ಮನ ಆ ಪಕ್ಕದ್ದೂ ಬಿಡ್ತಾರೋ ಇಲ್ವೋ."

ತಂಗಿ ಅಮ್ಮನ ಸಮಾಧಿಯತ್ತ ನೋಡಿದಳು.

ಮೇಸ್ತ್ರಿ ದನಿ ತಗ್ಗಿಸಿದ. "ಮೇಡಂ ಮಣ್ಣಿಗೆ ಬರೋಕೆ ಇನ್ನೂ ಒಂದು ಗಂಟೆ ಇದೆ. ನೀವು ಹೂಂ ಅಂದ್ರೆ ಒಂದು ಗೇಣು ಮಣ್ಣು ಎಳೀತೀವಿ, ಅದರ ಮೇಲೆ ಅಕ್ಕನ್ನ ಮಲಗಿಸ್ತೀವಿ. ನಾವು ಮೂವರೂ ಬಾಯಿ ಬಿಡಲ್ಲ. ಅಕ್ಕನ ಕೈಲಿ ಮೂವತ್ತು ವರ್ಷ ಬೈಸ್ಕೊಂಡು ಕೆಲಸ ಕಲಿತವರು ನಾವು. ಇಷ್ಟೂ ಮಾಡದಿದ್ರೆ ಹೇಗೆ?"

"ನಾನೂ ಬಾಯಿ ಬಿಡಲ್ಲ," ಎಂದ ಕಾವಲುಗಾರ. ಅವನ ದನಿಯಲ್ಲಿ ಈಗ ಕುಹಕ ಇರಲಿಲ್ಲ.

ಕೊಟ್ಟ ಮಾತು ಒಂದು ಕಡೆ ಎಳೆಯಿತು. ನಾಲ್ಕು ತಿಂಗಳ ಸೊಟ್ಟ ಕಾಜಾಗಳು ಇನ್ನೊಂದು ಕಡೆ ಎಳೆದವು. ಅಕ್ಕನನ್ನೇ ಕೇಳೋಣವೆಂದರೆ ಅವಳು ಗೇಟಿನ ಪಕ್ಕದ ಕೋಣೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಳು. ಭಗವಂತ ಕೆಲವು ಪ್ರಶ್ನೆಗಳನ್ನು ಉತ್ತರ ಹೇಳುವವರು ಹೋದ ಮೇಲೆಯೇ ಕಳಿಸುತ್ತಾನೆ.

"ನನ್ನ ಕೆಳಗಿಳಿಸಿ," ಎಂದಳು. "ನೋಡ್ತೀನಿ."

"ಯಾಕಮ್ಮ, ನಿಮಗೆ ಅಭ್ಯಾಸ ಇಲ್ಲ..."

"ಯಾರ ಮೇಲೆ ನಮ್ಮಕ್ಕನ್ನ ಮಲಗಿಸ್ತೀನಿ ಅಂತ ನೋಡ್ಬೇಡ್ವೇನ್ರಿ?"

ಏಣಿ ಇಟ್ಟು, ಕೈಹಿಡಿದು ಇಳಿಸಿದರು. ಒಳಗೆ ತಂಪಾಗಿತ್ತು. ನಾಲ್ಕೂ ಗೋಡೆ ಕತ್ತರಿಯಲ್ಲಿ ಕತ್ತರಿಸಿದ ಬಟ್ಟೆಯ ಹಾಗೆ ನೇರ, ಅದರಲ್ಲಿ ಕಂದು, ಬೂದಿ, ಹಳದಿ ಪಟ್ಟೆಗಳು. ಇಷ್ಟು ವರ್ಷ ಬಾಗಿಲಲ್ಲಿ ಕೊಡವಿದ ಧೂಳಿಗೆ ಇಂಥ ಒಳಮೈ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಕಾಲಡಿಯಲ್ಲಿ, ಕೆಂಪು ಮಣ್ಣಿನಲ್ಲಿ, ಒಂದು ಭುಜ, ಒಂದು ದವಡೆ.

ಅವಳು ಕನ್ನಡಕ ಮೂಗಿಗೇರಿಸಿ ಬಗ್ಗಿದಳು. ಸೂಜಿಗೆ ದಾರ ಪೋಣಿಸುವಾಗ ನೋಡುವಂತೆ ನೋಡಿದಳು.

"ಮೇಸ್ತ್ರಿ, ಬನ್ನಿ ಇಲ್ಲಿ. ಈ ಮುಂದಿನ ಹಲ್ಲು ನೋಡಿ."

"ಕಚ್ಚು ಬಿದ್ದಿದೆ. ಮುರಿದಿರಬೇಕು."

"ಮುರಿದಿಲ್ಲ ಕಣ್ರಿ, ಸವೆದಿದೆ." ಅವಳು ತುಟಿ ಮೇಲೆತ್ತಿ ತನ್ನ ಹಲ್ಲು ತೋರಿಸಿದಳು. ಮುಂದಿನ ಎರಡು ಹಲ್ಲುಗಳಲ್ಲಿ ಒಂದರ ಅಂಚಿನಲ್ಲಿ, ಸಣ್ಣ ಅರದಲ್ಲಿ ಉಜ್ಜಿದಂತೆ, ಒಂದು ಗೀರು. "ನಲವತ್ತು ವರ್ಷ ದಾರ ಕಚ್ಚಿ ಎಳೆದಿದ್ದು. ನಮ್ಮ ಕಸುಬಿನವರ ಬಾಯಿ ತೆಗೆಸಿ ನೋಡಿ, ಬೇಕಾದಷ್ಟು ಜನಕ್ಕೆ ಇದೆ."

ಮೇಸ್ತ್ರಿ ಅವಳ ಹಲ್ಲನ್ನೂ ಮಣ್ಣಿನಲ್ಲಿದ್ದ ಹಲ್ಲನ್ನೂ ಎರಡೆರಡು ಸಲ ನೋಡಿದ.

ತಂಗಿ ಬಗ್ಗಿದವಳು ಹಾಗೇ ಇದ್ದಳು. ಸೂಜಿ ಯಾವುದರದು? ಮೂಳೆಯದೇ? ದಾರ ಎಲ್ಲಿಂದ ಬಂತು, ಯಾವ ಗಿಡದ ನಾರು? ಯಾರಿಗೆ ಹೊಲಿಯುತ್ತಿದ್ದಳು? ಬೇಗ ಕೊಡು ಬೇಗ ಕೊಡು ಎಂದು ಇವಳ ಬಾಗಿಲಲ್ಲೂ ಜನ ನಿಲ್ಲುತ್ತಿದ್ದರೇ? ಮನೆಯಲ್ಲಿ ಇವಳಿಗೂ ಒಬ್ಬ ಅಕ್ಕ ಇದ್ದಳೇ? ಒಂದರ ಹಿಂದೊಂದು ಕೇಳುತ್ತಲೇ ಹೋಯಿತು ಮನಸ್ಸು. ಮೂವತ್ತೊಂದು ವರ್ಷ ಅಕ್ಕ ದಿನಾ ಸಂಜೆ ಹೇಳಲು ಬಾಯಿ ತೆಗೆದಾಗ, "ಮೊದಲು ಕೈಕಾಲು ತೊಳ್ಕೊ" ಎಂದು ತಡೆದವಳು ತಾನೇ. ಈಗ ಒಂದು ಗೇಣು ಮಣ್ಣು ಎಳೆದರೆ ಇವಳ ಬಾಯಿಯನ್ನೂ ತಾನೇ ಮುಚ್ಚಿದಂತೆ.

ಅವಳು ಏಣಿ ಹಿಡಿದು ಮೇಲೆ ಬಂದಳು. ಅಮ್ಮನ ಸಮಾಧಿಯ ಕಲ್ಲಿನ ಮೇಲೆ ಅಂಗೈಯಿಟ್ಟಳು.

"ಮೇಡಂಗೆ ಫೋನ್ ಮಾಡಿ," ಎಂದಳು. "ಅಕ್ಕಂಗೆ ಬೇರೆ ಜಾಗ ನೋಡಿ."

"ಅಮ್ಮನ ಬಲಗಡೇನೂ ಈಗ ತೋಡೋ ಹಾಗಿಲ್ಲ, ಹತ್ತಿರ ಬೇರೆ ಖಾಲಿ ಇಲ್ಲವಲ್ಲ," ಎಂದ ಕಾವಲುಗಾರ. "ಇರೋದು ನಲ್ಲಿ ಹತ್ತಿರ, ಗೋಡೆ ಪಕ್ಕ. ದೂರ ಆಗುತ್ತೆ ತಾಯಿ."

"ಆಗ್ಲಿ." ಕನ್ನಡಕ ತೆಗೆದು ಒರೆಸಿದಳು. "ಅಮ್ಮಂಗೆ ನಾನು ಹೇಳ್ತೀನಿ."

ಮೇಡಂ ಹೂವು ಹಿಡಿದು ಬಂದವರು ಹೂವನ್ನು ಬೆಂಚಿನ ಮೇಲೆ ಮರೆತು ಗುಂಡಿಗಿಳಿದರು. ಹತ್ತಿ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಯಾರಿಗಾಗಿ ಎಂದು ಕೇಳುವಂತಿರಲಿಲ್ಲ.

"ಇಂಥ ಕಚ್ಚು ಬೇರೆ ಕಡೆನೂ ಸಿಕ್ಕಿದೆ," ಎಂದರು. "ಚರ್ಮ ಹದ ಮಾಡೋಕೆ ಹಲ್ಲಲ್ಲಿ ಎಳೀತಿದ್ರು ಅಂತ ಕೆಲವರು ಹೇಳ್ತಾರೆ. ನಾರು ಅಂತ ಕೆಲವರು."

"ಚರ್ಮ ಆಗಿದ್ರೆ ಹಲ್ಲು ಅಗಲಕ್ಕೆ ಸವೀತಿತ್ತು ಮೇಡಂ. ಇದು ಸಣ್ಣಗೆ, ಆಳಕ್ಕೆ ಇದೆ. ದಾರಾನೇ. ಅದೂ ಬಲಗೈಯವಳು, ಎಳೆತ ಆ ಕಡೆಗಿದೆ."

ಮೇಡಂ ಅವಳನ್ನೇ ನೋಡಿದರು. ಚೀಲದಿಂದ ನೋಟ್‌ಬುಕ್ ತೆಗೆದರು. "ಇನ್ನೊಂದ್ಸಲ ಹೇಳಿ. ಬರ್ಕೊಳ್ತೀನಿ. ಆಮೇಲೆ, ತಪ್ಪು ತಿಳೀಬೇಡಿ, ನಿಮ್ಮ ಹಲ್ಲಿಂದೂ ಒಂದು ಫೋಟೊ ಬೇಕಿತ್ತು."

"ಜೀವ ಇರೋವಾಗಲೇ?" ಎಂದಳು ತಂಗಿ. ಸ್ಮಶಾನದಲ್ಲಿ ಎರಡನೆಯ ಸಲ ನಗು ಎದ್ದಿತು.

ನಲ್ಲಿಯ ಹತ್ತಿರದ ಗುಂಡಿಗೆ ಕಾವಲುಗಾರನೂ ಪಿಕಾಸಿ ಹಿಡಿದ. ಆದರೆ ದಾರ ಕಟ್ಟದೆ ಬಿಡಲಿಲ್ಲ. ಗೋಡೆ ನೇರವಿದೆಯೇ ಎಂದು ಈ ಸಲ ಅವನೇ ಒಂದು ಕಣ್ಣು ಮುಚ್ಚಿ ನೋಡಿದ. ನಾಲ್ಕೂವರೆಗೆ ಅಕ್ಕನನ್ನು ಹೊತ್ತು ತಂದು ಇಳಿಸಿದರು. ಮೇಡಂ ಹೂವಿಟ್ಟರು. ತಂಗಿ ಕಣ್ಣು ಮುಚ್ಚಿ, ತನಗೆ ಬರುತ್ತಿದ್ದ ಒಂದೇ ಪ್ರಾರ್ಥನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡಳು.

ಮೇಸ್ತ್ರಿ ಗುದ್ದಲಿ ಎತ್ತಿದವನು ತಡೆದ. ಏನೋ ಹೇಳಲು ಸಂಕೋಚ.

"ಏನ್ರಿ?"

"ನಮ್ಮಲ್ಲಿ ಒಂದು ರೂಢಿ ಟೈಲರಮ್ಮ. ಗುಂಡಿ ಮುಚ್ಚೋ ಮುಂಚೆ ಮೂಲೆಯಲ್ಲಿ ನಮ್ಮ ಕಾಲದ್ದು ಏನಾದ್ರೂ ಬಿಡ್ತೀವಿ. ಮುಂದೆ ಯಾವತ್ತೋ ಯಾರಾದ್ರೂ ಅಗೆದ್ರೆ, ಇಲ್ಲಿ ಇಂಥ ಕಾಲದವರು ಬಂದಿದ್ರು ಅಂತ ಗೊತ್ತಾಗ್ಲಿ ಅಂತ. ಪ್ಲಾಸ್ಟಿಕ್ ಆದ್ರೆ ಒಳ್ಳೇದು, ಸಾಯಲ್ಲ. ಪ್ರತಿ ಸಲಾನೂ ಅಕ್ಕನೇ ಹುಡುಕಿ ಕೊಡ್ತಿದ್ದಳು."

ತಂಗಿ ತನ್ನ ಸ್ವೆಟರಿನ ತುದಿಯನ್ನು ಎತ್ತಿಕೊಂಡಳು. ಅದರ ಕೊನೆಯ ಗುಂಡಿಯ ದಾರವನ್ನು ಮುಂದಿನ ಹಲ್ಲಿಗೆ ಸಿಕ್ಕಿಸಿ, ಒಂದು ಎಳೆತಕ್ಕೆ ಕತ್ತರಿಸಿದಳು. ಹಸಿರು ಗುಂಡಿ, ನಾಲ್ಕು ತೂತಿನದು, ಒಂದು ತೂತಿನಲ್ಲಿ ಇನ್ನೂ ದಾರದ ತುಂಡು. ಮಂಡಿಯೂರಿ ಕೈ ಚಾಚಿ, ಅಕ್ಕನ ಕಾಲ ಬಳಿಯ ಮೂಲೆಯಲ್ಲಿ, ದಾರದ ತುಂಡು ಮೇಲೆ ಕಾಣುವಂತೆ ಅದನ್ನು ಇಟ್ಟಳು.