ವತ್ಸಲಾ ಮೇಡಂ ತೋಳು

ಸೋಮವಾರ ಬಂತೆಂದರೆ ವತ್ಸಲಾ ಬಲಗೈ ಬಳೆಗಳನ್ನು ಚಂದ್ರಾ ಲೇಔಟಿನ ಮನೆಯಲ್ಲೇ ತೆಗೆದಿಟ್ಟು ಹೊರಡುತ್ತಿದ್ದಳು. ನರ್ಸ್ ಕೆಲಸದಿಂದ ರಿಟೈರಾದ ಮೇಲೆ ಅತ್ತಿಗುಪ್ಪೆಯ ಫಾರ್ಮಸಿ ಕಾಲೇಜಿನಲ್ಲಿ, ಹೊಸದಾಗಿ ಶುರುವಾದ ಫಾರ್ಮ್ ಡಿ ಕೋರ್ಸಿನ ಮಕ್ಕಳಿಗೆ ರೋಗಿಯನ್ನು ಮುಟ್ಟಿ ಪರೀಕ್ಷಿಸುವುದನ್ನು ಕಲಿಸುವ ಕೆಲಸ. ಬಿ.ಪಿ. ಪಾಠಕ್ಕೆ ತನ್ನ ತೋಳನ್ನೇ ಕೊಡುತ್ತಿದ್ದಳು. ಗಂಡ ಹೋದ ಮೇಲೆ ಅವಳ ಕೈಯನ್ನು ಯಾರಾದರೂ ಹಿಡಿಯುತ್ತಿದ್ದುದು ಅಲ್ಲಿ ಮಾತ್ರ. ಹೇಳಿಕೊಳ್ಳಲು ನಾಚಿಕೆ, ಆದರೆ ವಾರವಿಡೀ ಅವಳು ಕಾಯುತ್ತಿದ್ದುದು ಅದಕ್ಕೇ.

ಪ್ರಿನ್ಸಿಪಾಲ್ ಪುರುಷೋತ್ತಮ ಮೊದಲೇ ಹೇಳಿದ್ದರು: "ನಿಮ್ಮ ಬಿ.ಪಿ. ನಾರ್ಮಲ್ ಇರೋ ತನಕ ಸರಿ ಮೇಡಂ. ಏರಿದ್ರೆ ರಿಸ್ಕ್ ಬೇಡ, ನಾಡಿ ಮಿಡಿಯೋ ರಬ್ಬರ್ ಕೈ ತರಿಸ್ತೀನಿ."

ಬಿ.ಪಿ. ಏರಿ ತಿಂಗಳುಗಳೇ ಆಗಿದ್ದವು. ವತ್ಸಲಾ ತುಟಿ ಬಿಚ್ಚಿರಲಿಲ್ಲ. ಈ ಮಕ್ಕಳೋ, ಮಹಾ ಕಿಲಾಡಿಗಳು! ಮಣಿಕಟ್ಟಿನಲ್ಲಿ ನಾಡಿ ಹಿಡಿದಂತೆ ಶಾಸ್ತ್ರ ಮಾಡಿ, ಸ್ಟೆತಸ್ಕೋಪಿನಲ್ಲಿ ಏನೂ ಕೇಳಿಸದಿದ್ದರೂ "ನೂರಿಪ್ಪತ್ತು, ಎಂಬತ್ತು" ಎಂದು ಒದರಿಬಿಡುತ್ತಿದ್ದವು. ಕಿವಿ ಹಿಂಡಬೇಕಾದವಳು "ಗುಡ್" ಅನ್ನುತ್ತಿದ್ದಳು. ಆ ಸುಳ್ಳಿನಿಂದಲೇ ಅವಳ ಸೋಮವಾರ ಉಳಿದಿತ್ತು.

ಆ ಸೋಮವಾರ ಸಿಂದಗಿ ಕಡೆಯ ಗುರುದೇವಿಯ ಸರದಿ. ಹುಡುಗಿ ತೋಳಿಗೆ ಪಟ್ಟಿ ಸುತ್ತಿ, ಸ್ಟೆತಸ್ಕೋಪ್ ಕಿವಿಗಿಟ್ಟು, ನಾಡಿ ಹಿಡಿದ ಕೈ ಬಿಡಲೇ ಇಲ್ಲ. ಬೆರಳು ಬೆಚ್ಚಗಿದ್ದವು. ವತ್ಸಲಾಗೆ ಕಣ್ಣು ಮುಚ್ಚಿ ಹಾಗೇ ಕೂತಿರೋಣ ಅನ್ನಿಸಿತು.

"ಮೇಡಂ, ನನಗ ಬಿ.ಪಿ. ನೂರಾ ಎಪ್ಪತ್ತಾರು ಬರಾಕತ್ತೈತ್ರಿ."

ಹಿಂದಿದ್ದ ಸುಘೋಷ್ ನಕ್ಕ. "ನೂರಿಪ್ಪತ್ತು ಕಣೇ. ಎಲ್ರಿಗೂ ಅದೇ ಬಂದಿದೆ."

ಗುರುದೇವಿಯ ಮುಖ ಸಣ್ಣದಾಯಿತು. "ನಂದಽ ತಪ್ಪಿರಬೇಕ್ರಿ. ನೂರಿಪ್ಪತ್ತು ಅಂತ ಬರಕೊಳ್ಳಲೇನ್ರಿ?"

ಹ್ಞೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಈ ಹುಡುಗಿ ನಾಳೆ ಯಾರದೋ ತೋಳು ಹಿಡಿದು, ಕಿವಿಗೆ ಬಿದ್ದದ್ದನ್ನು ಬಿಟ್ಟು ಪಕ್ಕದವರ ಲೆಕ್ಕ ಬರೆಯುತ್ತಾಳೆ. ವತ್ಸಲಾ ಅವಳ ಪೆನ್ನಿಗೆ ಕೈ ಅಡ್ಡ ಹಿಡಿದಳು.

"ಬೇಡಮ್ಮ. ನಿಂದೇ ಸರಿ," ಎಂದಳು. "ಮಿಕ್ಕವರೆಲ್ಲ ಸುಳ್ಳು ಹೇಳಿದೀರ. ನಾನೂ ಹೇಳಿದೀನಿ."

ಮುಂದಿನ ಸೋಮವಾರ ಲ್ಯಾಬಿನ ಮೇಜಿನ ಮೇಲೆ ರಬ್ಬರ್ ಕೈ ಬಂದು ಮಲಗಿತ್ತು. ಮಕ್ಕಳು ಸಾಲಾಗಿ ಅದರ ನಾಡಿ ಹಿಡಿಯತೊಡಗಿದರು. ವತ್ಸಲಾ ಪಕ್ಕದಲ್ಲಿ ನಿಂತು ತಿದ್ದುತ್ತಿದ್ದಳು.

"ಗುಳಿಗಿ ತಗೊಂಡ್ರೇನ್ರಿ ಮೇಡಂ?" ಗುರುದೇವಿ ಮೆಲ್ಲಗೆ ಕೇಳಿದಳು.

"ತಗೊಂಡೆ ಕಣಮ್ಮ. ನಿನ್ನ ಸರದಿ ಬಂತು, ಹೋಗು."

ಗುರುದೇವಿ ಹೋಗಿ ರಬ್ಬರ್ ಮಣಿಕಟ್ಟಿನ ಮೇಲೆ ಬೆರಳಿಟ್ಟಳು. ವತ್ಸಲಾ ತನ್ನ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅವತ್ತೂ ಅವಳು ಬಳೆ ತೆಗೆದಿಟ್ಟೇ ಬಂದಿದ್ದಳು.