ಟೀ ಮಾಡಿಕೊಟ್ಟ ತಪ್ಪು

"ಟೀ ಮಾಡಾಕಾಯ್ತದಲ್ಲ ನಿಂಗೆ? ಇಲ್ಲೇ ಬರ್ದವ್ರೆ ನೋಡು. 'ಕೆಟ್ಲು ಎತ್ತುತ್ತಾರೆ, ಬಂದವರಿಗೆ ಟೀ ಮಾಡಿಕೊಡುತ್ತಾರೆ.' ಕೆಟ್ಲು ಎತ್ತೋಳು ಅದೆಂಗೆ ಚಿನ್ನಾ ಅಂಗವಿಕಲೆ ಆಗ್ತೀಯ?"

ಈಜುಕೊಳದ ಮ್ಯಾನೇಜರ್ ಗ್ರೇಮ್ ನನ್ನ ಕಾಗದವನ್ನು ಕೌಂಟರಿನ ಮೇಲೆ ಹರಡಿಕೊಂಡು ಬೆರಳಿಟ್ಟು ಓದುತ್ತಿದ್ದ. ಮನಸ್ಸಿನಲ್ಲಲ್ಲ, ಜೋರಾಗಿ. ನನ್ನ ಗಾಲಿಕುರ್ಚಿಯ ಹಿಂದೆ ಹನ್ನೊಂದು ಜನ ಮುದುಕ ಮುದುಕಿಯರು ಟವೆಲ್ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಸಾಲಾಗಿ ನಿಂತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಕಿವಿ ಮಂದ. ಅವರಿಗೂ ಕೇಳಿಸುವಷ್ಟು ಜೋರು.

ನಮ್ಮೂರು ಬ್ರಾಕ್‌ಲಿಯ ಈಜುಕೊಳದಲ್ಲಿ ಮಂಗಳವಾರ, ಶುಕ್ರವಾರ ಹನ್ನೊಂದು ಗಂಟೆಗೆ ಬೆಚ್ಚನೆ ನೀರಿನ ಹೊತ್ತು. ಅರವತ್ತು ದಾಟಿದವರಿಗೆ ಅರ್ಧ ದರ. ಹೋದ ತಿಂಗಳವರೆಗೆ ನಮಗೂ ಅಷ್ಟೇ ಇತ್ತು. ನಮಗೆ ಅಂದರೆ ಕುಂಟರಿಗೆ, ಕುರುಡರಿಗೆ, ಕೈ ಸೊಟ್ಟಗಿದ್ದವರಿಗೆ. ಈಗ ಹೊಸ ಕಾನೂನು. ನಾವು ಅಂಗವಿಕಲರ ಭತ್ಯೆ ಕಚೇರಿಯ ಕಾಗದ ತರಬೇಕು, ಅದರಲ್ಲಿ 'ಮೇಲಿನ ದರ್ಜೆ' ಅಂತ ಬರೆದಿರಬೇಕು. ಮುದುಕರು ಏನನ್ನೂ ತರಬೇಕಾಗಿಲ್ಲ. ತಲೆ ನೆರೆತಿದ್ದರೆ ಸಾಕು, ಬೋಳಾಗಿದ್ದರೆ ಇನ್ನೂ ಸಲೀಸು.

"ಗ್ರೇಮ್, ಹುಟ್ಟಿದಾಗ್ನಿಂದ ನನ್ ಕಾಲು ಹಿಂಗೇ ಅವೆ. ಆರು ವರ್ಷದಿಂದ ನೀನೇ ಕಣ್ಣಾರೆ ನೋಡ್ತಿದೀಯ."

"ನಾನ್ ನೋಡಿದ್ರೆ ಆಯ್ತಾ? ಕಾಗ್ದದಲ್ಲಿ ಇರ್ಬೇಕಲ್ವಾ?" ಅಂದವನೇ ಹಾಳೆ ಮಗುಚಿದ. "'ಮಲವಿಸರ್ಜನೆಯ ನಂತರ ತಾವೇ ಒರೆಸಿಕೊಳ್ಳಬಲ್ಲರು. ಮೂತ್ರಕ್ಕೆ ಪ್ಯಾಡ್ ಬಳಸುತ್ತಾರೆ.' ಪ್ಯಾಡಾ? ನೀರೊಳಗೆ ಏನೂ ಆಗಾಕಿಲ್ಲ ತಾನೆ?"

ಹಿಂದಿನ ಸಾಲು ಅರ್ಧ ಹೆಜ್ಜೆ ಹಿಂದಕ್ಕೆ ಸರಿಯಿತು. ಚಪ್ಪಲಿಗಳ ಸದ್ದು ನನಗೆ ಕೇಳಿಸಿತು. ಪಕ್ಕದಲ್ಲಿ ಕೂತಿದ್ದ ಟಿಕೆಟ್ಟಿನ ಹುಡುಗಿ ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

ತಪ್ಪು ನನ್ನದೇ. ಟೀ ಮಾಡಿಕೊಟ್ಟಿದ್ದು ನಾನೇ.

ನಮ್ಮ ಬೀದಿಯಲ್ಲಿ ಯಾರೇ ಬಾಗಿಲು ಬಡಿದರೂ ಮೊದಲು ಕೆಟ್ಲು ಇಡುವುದು. ಬಾಡಿಗೆ ವಸೂಲಿಗೆ ಬಂದವನಿಗೂ ಟೀ, ಸಾವಿನ ಸುದ್ದಿ ತಂದವನಿಗೂ ಟೀ. ಕೊಡದವಳನ್ನು ನಮ್ಮವ್ವ ಹೆಣ್ಣೆಂದೇ ಲೆಕ್ಕಕ್ಕಿಡುತ್ತಿರಲಿಲ್ಲ. ಭತ್ಯೆ ಕಚೇರಿಯಿಂದ ನನ್ನನ್ನು ಪರೀಕ್ಷೆ ಮಾಡಲು ಒಬ್ಬಳು ಬರುತ್ತಾಳೆ ಅಂದಾಗ ಹಿಂದಿನ ದಿನವೇ ತಲೆಗೆ ಸ್ನಾನ ಮಾಡಿದೆ. ಒಳ್ಳೆಯ ಬ್ಲೌಸು ಹಾಕಿಕೊಂಡೆ. ತುಟಿಗೆ ಬಣ್ಣ ಬೇರೆ. ದರಿದ್ರದವಳ ಹಾಗೆ ಕಾಣಬಾರದು ಅಂತ ಜಂಭ ನೋಡಿ. ಅವಳು ಬಂದು ಕೂತಳು, ಲ್ಯಾಪ್‌ಟಾಪು ತೆರೆದಳು. ನಾನು ಕೆಟ್ಲಿಗೆ ಅರ್ಧ ಬಟ್ಟಲು ನೀರು ಹಾಕಿ ಎರಡೂ ಕೈಯಲ್ಲಿ ಎತ್ತಿದೆ. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿ ತಳ್ಳಿಕೊಂಡು ಬರುವಾಗ ಬಿಸಿ ಟೀ ಚೆಲ್ಲಿ ತೊಡೆ ಬೆಂದುಹೋಯಿತು. ಅವಳಿಗೆ ಕಾಣಬಾರದೆಂದು ಅದರ ಮೇಲೆ ಕರವಸ್ತ್ರ ಹರಡಿಕೊಂಡೆ. ನಗ್ತಾ ನಗ್ತಾ ಬಿಸ್ಕತ್ತು ಕೊಟ್ಟೆ. ಎರಡು ತಿಂದಳು. ಹೋಗುವಾಗ, "ಎಷ್ಟು ಚೆನ್ನಾಗಿ ಟೀ ಮಾಡ್ತೀರಿ!" ಅಂದಳು.

ನಾಲ್ಕು ವಾರಕ್ಕೆ ಕಾಗದ ಬಂತು. ಕೆಟ್ಲು ಎತ್ತುತ್ತಾರೆ. ಟೀ ಮಾಡಿಕೊಡುತ್ತಾರೆ. ಲವಲವಿಕೆಯಿಂದಿದ್ದಾರೆ. ಕೆಳಗಿನ ದರ್ಜೆ. ತೊಡೆಯ ಮೇಲಿನ ಬೊಬ್ಬೆ ಆಗಿನ್ನೂ ಮಾಗಿರಲಿಲ್ಲ.

ಆ ಬೆಚ್ಚನೆ ನೀರು ನನಗೆ ಮೋಜಲ್ಲ. ನೀರು ಮೈಭಾರ ಹೊರುವುದರಿಂದ ಅದರೊಳಗೆ ಮಾತ್ರ ನಾನು ನಿಲ್ಲಬಲ್ಲೆ; ವಾರಕ್ಕೆ ಎರಡು ಸಲ ನಿಂತರೆ ಸೊಂಟ ಸಡಿಲವಾಗುತ್ತದೆ. ಸೊಂಟ ಸಡಿಲವಿದ್ದರೆ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಕಕ್ಕಸಿಗೆ ನಾನೇ ದಾಟಿಕೊಳ್ಳುತ್ತೇನೆ. ಅದು ಬಿಗಿದುಕೊಂಡಿತೋ, ನನ್ನನ್ನು ಎತ್ತಿ ಇಳಿಸಲು ಜನ ಬೇಕು. ಅಷ್ಟು ಜನವನ್ನು ಯಾರೂ ಕೊಡುವುದಿಲ್ಲ. ಮನೆಗೆ ಬೀಗ ಹಾಕಿಸಿ ಮುದುಕರನ್ನು ಇಡುವ ಆರೈಕೆ ಮನೆಗೆ ಸಾಗಿಸುತ್ತಾರೆ. ನನಗೆ ಮೂವತ್ತೆಂಟು. ವಾರಕ್ಕೆ ಎರಡು ಸಲ ಪೂರ್ತಿ ದರ ಕೊಟ್ಟರೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡುವಂತಿಲ್ಲ. ಇದನ್ನೆಲ್ಲ ಹೋದ ಮಂಗಳವಾರವೇ ಗ್ರೇಮ್‌ಗೆ ಬಿಡಿಸಿ ಹೇಳಿದ್ದೆ. ಕಾಗದ ತಾ ಅಂದ. ತಂದೆ.

"ವಯಸ್ಸಾದೋರ ಮಾತೇ ಬೇರೆ ಚಿನ್ನಾ," ಅಂದ ಗ್ರೇಮ್. "ಜೀವ್ನಪೂರ್ತಿ ದುಡಿದವ್ರೆ, ತೆರಿಗೆ ಕಟ್ಟವ್ರೆ. ಅವ್ರಿಗೆ ಕೊಡೋದು ಮರ್ಯಾದೆ. ನಿಮ್ಗೆ ಕೊಡೋದು..."

"ಏನು? ಭಿಕ್ಷೆನಾ?"

"ನಾನಂಗಂದ್ನಾ?"

"ಬಿಸ್ಕತ್ ಫ್ಯಾಕ್ಟ್ರೀಲಿ ಹನ್ನೊಂದ್ ವರ್ಷ ಡಬ್ಬ ತುಂಬಿದೀನಿ ಕಣೋ. ಅವ್ರು ಬಾಗ್ಲು ಮುಚ್ಚಿದ್ರು, ನಾನ್ ಬಿಟ್ಟಿದ್ದಲ್ಲ."

ಹಿಂದಿನಿಂದ ಬೆರಿಲ್ ನನ್ನ ಹೆಗಲು ತಟ್ಟಿದಳು. ಎಪ್ಪತ್ತೊಂದು ವರ್ಷ, ನಾಲಗೆ ಮೈಕೈ ಎಲ್ಲ ಗಟ್ಟಿ. ಹೋದ ವಾರವಷ್ಟೇ ಪೋರ್ಚುಗಲ್ಲಿನಲ್ಲಿ ಗಾಲ್ಫ್ ಆಡಿ ಬಿಸಿಲಿಗೆ ಕಂದುಬಣ್ಣ ಹತ್ತಿಸಿಕೊಂಡು ಬಂದಿದ್ದಳು. "ಕಂದಾ, ರಗಳೆ ಯಾಕೆ? ಇವತ್ತಿಂದು ನಾನೇ ಕೊಡ್ತೀನಿ, ನಡಿ. ಎಲ್ರಿಗೂ ತಡ ಆಗ್ತಾ ಇದೆ."

"ಇವತ್ತು ಕೊಡ್ತೀರಿ. ಶುಕ್ರವಾರ?"

"ಅಯ್ಯೋ, ಹಿಂಗಾಡ್ಬೇಡಮ್ಮಾ. ನಂಗೂ ಮಂಡಿನೋವಿದೆ. ಈ ಅರ್ಧ ದರಾನ ನಾವು ಸಂಪಾದಿಸ್ಕೊಂಡಿದೀವಿ. ನಿಮ್ಮಲ್ಲಿ ಕೆಲವ್ರು ಬರೀ ನಾಟ್ಕ ಆಡ್ತಾರಂತೆ, ಪೇಪರ್ನಲ್ಲೇ ಬಂದಿತ್ತು. ನಿನ್ನ ಅಂದಿದ್ದಲ್ಲ ಮತ್ತೆ."

ನನ್ನ ಅಂದಿದ್ದಲ್ಲವಂತೆ. ನನಗೆ ತಡೆಯಲಾಗಲಿಲ್ಲ. ಕುರ್ಚಿಯನ್ನು ಗರ್ರನೆ ಸಾಲಿನ ಕಡೆ ತಿರುಗಿಸಿದೆ.

"ರೀ, ನಿಮ್ಮಲ್ಲಿ ಯಾರನ್ನಾದ್ರೂ ಇವ್ನು ಕೇಳಿದ್ನಾ, ಕುಂಡೆ ನೀವೇ ಒರೆಸ್ಕೋತೀರಾ ಅಂತ? ರಾತ್ರಿ ಎಷ್ಟು ಸಲ ಉಚ್ಚೆಗೆ ಏಳ್ತೀರಿ ಅಂತ? ಬೆರಿಲಮ್ಮಾ, ನೀವೆಷ್ಟು ಸಲ?"

ಬೆರಿಲಳ ಕಂದುಬಣ್ಣವೂ ಕೆಂಪಾಯಿತು. ಸಾಲಿನ ಕೊನೆಯಲ್ಲಿ ಕಸದ ಲಾರಿ ಓಡಿಸಿ ನಿವೃತ್ತನಾಗಿದ್ದ ವಿಲ್ಫ್ ಇದ್ದ. ಎಂಬತ್ತಮೂರು ವರ್ಷ. ಅವನು ಗಂಟಲು ಸರಿಮಾಡಿಕೊಂಡು, "ನಾನು ಐದು ಸಲ ಕಣವ್ವ. ಒಂದೊಂದ್ಸಲ ಹೋಗೋವರ್ಗೂ ತಡೆಯಾಕಿಲ್ಲ," ಅಂದ.

ಗ್ರೇಮ್ ಕಾಗದವನ್ನು ಮಡಚಿ, ಎರಡು ಬೆರಳ ತುದಿಯಲ್ಲಿ ಹಿಡಿದು ನನ್ನ ಮಡಿಲಿಗೆ ಹಾಕಿದ. "ಬಾಯಿ ಹೊಲಸು ಮಾಡ್ಕೊಂಡ್ರೆ ಇವತ್ತಲ್ಲ, ಯಾವತ್ತೂ ಬಿಡಾಕಿಲ್ಲ. ಮನೆಗೋಗು."

ಗಾಲಿಕುರ್ಚಿಯ ಗೇಟು ಅವನು ಗುಂಡಿ ಒತ್ತಿದರೆ ಮಾತ್ರ ತೆರೆಯುವುದು. ಅವನು ಎರಡೂ ಕೈಯನ್ನು ಜೇಬಿಗೆ ಇಳಿಸಿದ.

ನಾನು ಕೋಟು ಬಿಚ್ಚಿದೆ. ಬಟ್ಟೆ ಬದಲಿಸಲು ನನಗೆ ಮುಕ್ಕಾಲು ಗಂಟೆ ಹಿಡಿಯುವುದರಿಂದ ಈಜುಡುಪನ್ನು ಮನೆಯಲ್ಲೇ ತೊಟ್ಟು ಬರುತ್ತೇನೆ. ಕುರ್ಚಿಯ ಪಟ್ಟಿ ಕಳಚಿದೆ. ಮೊದಲು ಮಂಡಿ, ಆಮೇಲೆ ಕೈ ನೆಲಕ್ಕೆ ಊರಿದೆ. ಪಕ್ಕದಲ್ಲೇ ಕಾಲಿದ್ದವರು ತಿರುಗಿಸಿಕೊಂಡು ಹೋಗುವ ಸರಳಿನ ಗೇಟು. ಅದರ ಕೆಳಗೆ ನಾಯಿ ನುಸುಳುವಷ್ಟು ಜಾಗವಿತ್ತು. ಸಾಕಾಯಿತು.

"ಏಯ್! ಏನ್ ಮಾಡ್ತಿದೀಯ? ಎದ್ದೇಳು!"

ಎದ್ದೇಳಬೇಕಂತೆ.

ಮೊಣಕೈ ಊರಿ ಊರಿ ತೆವಳಿದೆ. ಜನರ ಕಾಲಿನ ನೀರು, ಕೂದಲು, ಯಾರೋ ಕಿತ್ತೆಸೆದ ಗಾಯದ ಪಟ್ಟಿ, ಎಲ್ಲ ಎದೆಗೆ ಮೆತ್ತಿಕೊಂಡವು. ಮಂಡಿಚಿಪ್ಪು ಸುಲಿದು ಉರಿಯುತ್ತಿತ್ತು. ಇಪ್ಪತ್ತು ಗಜ ದಾಟಲು ಎಷ್ಟು ಹೊತ್ತಾಯಿತೋ. ಹಿಂದೆ ಬಂದವರು ನನ್ನ ಎರಡೂ ಬದಿಗೆ ನಡೆಯುತ್ತಿದ್ದರು, ತುಳಿಯದಂತೆ, ಮುಟ್ಟದಂತೆ. ಕೊಳದ ಗಾಜಿನ ಬಾಗಿಲು ಭಾರ. ವಿಲ್ಫ್ ಮುಂದೆ ಬಂದು ಅದನ್ನು ಬೆನ್ನಿನಿಂದ ಒತ್ತಿ ಹಿಡಿದ. ನನ್ನ ಕಡೆ ನೋಡಲಿಲ್ಲ. ಅಷ್ಟು ಮರ್ಯಾದೆ ಅವನೊಬ್ಬನಿಗಿತ್ತು.

ಅಂಚಿಗೆ ಬಂದು ಉರುಳಿಕೊಂಡೆ. ನೀರು ಮೂಗಿಗೆ ನುಗ್ಗಿತು. ಕಂಬಿ ಹಿಡಿದು ಮೇಲೆ ಬಂದೆ. ನೀರು ಎದೆಮಟ್ಟ. ನಿಧಾನಕ್ಕೆ ಕಾಲು ಬಿಚ್ಚಿದವು, ಪಾದ ನೆಲ ಮುಟ್ಟಿತು. ಕಂಬಿ ಬಿಟ್ಟು ನಡುಮಧ್ಯಕ್ಕೆ ಹೋದೆ.

"ಎಳ್ದು ಹಾಕ್ರೋ ಅವ್ಳನ್ನ!" ಗ್ರೇಮ್ ಅಂಚಿನಲ್ಲಿ ಕೂಗಾಡುತ್ತಿದ್ದ.

ಕಾವಲಿನವನು ಎತ್ತರದ ಕುರ್ಚಿಯಿಂದ ಇಳಿಯಲೇ ಇಲ್ಲ. "ಮುಳುಗಿದ್ರೆ ಎತ್ತಾಕೆ ಕಲ್ಸವ್ರೆ ಸಾರ್. ಇವ್ರು ಮುಳುಗ್ತಿಲ್ವಲ್ಲ."

ಹಾಗಾದರೆ ಕೊಳವನ್ನೇ ಮುಚ್ಚುತ್ತೇನೆ ಅಂದ ಗ್ರೇಮ್. ಎಲ್ಲರನ್ನೂ ಹೊರಗೆ ಕಳಿಸಿದ. ನೀರಿಗೆ ಕಾಲಿಡುವ ಮೊದಲೇ ವಾಪಸು ಹೊರಟ ಮುದುಕರಿಗೆ ಸಿಟ್ಟು ಬಂತು. ಬಂದಿದ್ದು ಅವನ ಮೇಲಲ್ಲ, ನನ್ನ ಮೇಲೆ. "ನಿನ್ನೊಬ್ಳಿಂದ ಎಲ್ರ ಹೊತ್ತೂ ಹಾಳಾಯ್ತು, ಸ್ವಾರ್ಥಿ!" ಅಂತ ಬೆರಿಲ್ ಬಾಗಿಲಿನಿಂದ ಚೀರಿದಳು. ಯಾರೋ "ಕುಂಟಿಗೆ ಕೊಬ್ಬು" ಅಂದರು. ಆಮೇಲೆ ನೀರು ಕಾಯಿಸುವ ಯಂತ್ರ ನಿಂತುಹೋಯಿತು. ಚಾಲೂ ಇದ್ದಷ್ಟು ದಿನ ಅದರ ಗುಂಯ್ ಅನ್ನುವ ಸದ್ದು ನನ್ನ ಗಮನಕ್ಕೇ ಬಂದಿರಲಿಲ್ಲ.

ಒಂದು ಗಂಟೆ ಕಳೆದ ಮೇಲೆ ಇಬ್ಬರು ಪೊಲೀಸರು ಬಂದರು. ಅಷ್ಟರಲ್ಲಿ ನನ್ನ ಹಲ್ಲು ಕಟಕಟ ಅನ್ನುತ್ತಿತ್ತು, ಬೆರಳು ಬೆಳ್ಳಗಾಗಿದ್ದವು. ಆದರೂ ನಿಂತಿದ್ದೆ. ಅವರಲ್ಲಿ ವಯಸ್ಸಾದವನು ಕುಕ್ಕರಗಾಲಲ್ಲಿ ಕೂತು, "ಬಾರಮ್ಮಾ, ಮೆಟ್ಲು ಹತ್ತಿ ಮೇಲ್ ಬಾ. ಕೂತು ಮಾತಾಡಾಣ," ಅಂದ.

"ಮೆಟ್ಲು ಹತ್ತೋಕೆ ಬರಾಕಿಲ್ಲ ನಂಗೆ."

"ಮತ್ತೆ ಇಳ್ದಿದ್ದು ಹೆಂಗೆ?"

"ಬಿದ್ದೆ."

ಅವನು ಗ್ರೇಮ್ ಕಡೆ ತಿರುಗಿದ. "ಎತ್ತೋ ಯಂತ್ರ ಇಲ್ವೇನ್ರಿ ಇಲ್ಲಿ?"

"ಇದೆ ಸಾರ್. ಕೆಟ್ಟೋಗಿ ಎರಡು ವರ್ಷ ಆಯ್ತು. ಹುಡುಗ್ರು ಎತ್ತಿ ಇಳಿಸ್ತಿದ್ರು, ಕೊಳ ಮುಚ್ಚಿ ಅವ್ರನ್ನೂ ಮನೆಗೆ ಕಳ್ಸಿಬಿಟ್ಟೆ."

"ಹಂಗಾದ್ರೆ ನೀವೇ ಇಳ್ದು ಕರ್ಕೊಂಬನ್ನಿ. ನಿಮ್ಮ ಕೊಳ, ನಿಮ್ಮ ದೂರು."

"ನಾನಾ?"

ನನ್ನ ದವಡೆ ಅದುರಿ ಮಾತು ಚೂರಾಗುತ್ತಿತ್ತು. ಆದರೂ ಆ ಖಾಲಿ ಕೊಳದಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಬಾರೋ ಗ್ರೇಮ್. ಇಳಿ, ಮುಂಡೇಮಗ್ನೆ. ಪ್ಯಾಡು ಇಲ್ದೆ ಒಂದ್ ಗಂಟೆಯಿಂದ ನಿಂತಿದೀನಿ, ಇದೇ ನೀರಿಗೆ ಇಳ್ದು ನನ್ನ ಎತ್ಕೋ."

ಅವನು ನೀರನ್ನು ನೋಡಿದ. ಆಮೇಲೆ ತನ್ನ ಬೂಟನ್ನು ನೋಡಿಕೊಂಡ. ಪೊಲೀಸರಿಬ್ಬರೂ ಕಾಯುತ್ತಾ ನಿಂತರು. ನಾನೂ ನಿಂತೇ ಇದ್ದೆ.